ಸವಣೂರಿಗೆಲ್ಲ ಗೊತ್ತಾದ ನನ್ನ ಗುಳಿಗೆ

ಹೋದ ವಾರ ಶಿಗ್ಗಾಂವ ಇನ್ನೇನು ಬಂತು ಅನ್ನುವಾಗ ನಮ್ಮ ಬಸ್ಸು ಹೆದ್ದಾರಿ ಬಿಟ್ಟು ಸರ್ವಿಸ್ ರಸ್ತೆಗೆ ಇಳಿದು ನಿಂತಿತು. ಮುಂದೆ ಯಾವುದೋ ಲಾರಿ ಕೆಟ್ಟಿತ್ತು. ರಸ್ತೆಯ ಅರ್ಧಕ್ಕೆ ಯಾರೋ ಗೋವಿನಜೋಳ ಹರವಿದ್ದರು. ಹಿಂದಿನ ದಿನದ ಮಳೆಗೆ ಕಾಳು ನೆನೆದಿತ್ತು. ಈಗ ಬಿಸಿಲು ಬಿದ್ದು ಹುಳಿ ಬಂದ ಹಿಟ್ಟಿನಂಥ ಮುಗ್ಗಲು ವಾಸನೆ ಎದ್ದಿತ್ತು. ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನನಗೆ ವಾಸನೆಯ ಜೊತೆಗೇ ಹಳೆಯ ಸಿಟ್ಟೂ ಬಂತು. ಆ ವರ್ಷವೂ ಹೀಗೆಯೇ, ಮಳೆ ಹಿಡಿದದ್ದು ಬಿಡದೆ, ಕೊಯ್ದ ಜೋಳ ರಸ್ತೆಯ ಮೇಲೆಯೇ ಮೊಳಕೆ ಒಡೆದಿತ್ತು.

ಕಾಲ ಎಲ್ಲವನ್ನೂ ಮರೆಸುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಹಾಗಾಗಿಲ್ಲ. ಆ ಮಳೆಗಾಲದ ಒಬ್ಬರನ್ನೂ ನಾನು ಕ್ಷಮಿಸಿಲ್ಲ. ಅವರು ಯಾರೂ ಬಂದು ಕೇಳಿಯೂ ಇಲ್ಲ.

ಆಗ ನಾನು ಒಂದು ಸೇವಾಸಂಸ್ಥೆಯಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕು ಊರುಗಳಲ್ಲಿ ಸಂಸ್ಥೆ ಬಾಡಿಗೆ ಕೋಣೆ ಹಿಡಿದು ವಾರಕ್ಕೊಂದು ದಿನ ಮಾನಸಿಕ ಕಾಯಿಲೆಯವರನ್ನು ನೋಡುತ್ತಿತ್ತು. ಹುಬ್ಬಳ್ಳಿಯಿಂದ ಒಬ್ಬ ಡಾಕ್ಟರು ಬಂದು ಮದ್ದು ಬರೆದುಕೊಡುತ್ತಿದ್ದರು. ಸುನಂದಾ ಎಂಬ ನರ್ಸು ಗುಳಿಗೆ ಕೊಡುತ್ತಿದ್ದಳು. ಮನೆಯವರನ್ನು ಕೂರಿಸಿಕೊಂಡು ಮಾತಾಡುವುದು, ಗುಳಿಗೆ ಬಿಟ್ಟವರನ್ನು ಹುಡುಕಿಕೊಂಡು ಹಳ್ಳಿಗೆ ಹೋಗುವುದು ನನ್ನ ಕೆಲಸ. ಎಲ್ಲದರ ಮೇಲೆ ಪಾಟೀಲ ಸರ್ ಎಂಬ ಸಂಯೋಜಕರಿದ್ದರು. ನಾನು ಶಿಗ್ಗಾಂವದಲ್ಲಿ ಒಂದು ಕೋಣೆ ಮಾಡಿಕೊಂಡಿದ್ದೆ. ಅವ್ವ ಚಿಕ್ಕೇರೂರಿನಲ್ಲಿ ಅಣ್ಣನ ಜೊತೆ ಇದ್ದಳು.

ನನಗೇ ಬೈಪೋಲಾರ್ ಕಾಯಿಲೆ ಇದೆ. ಕಾಲೇಜಿನಲ್ಲಿದ್ದಾಗ ಶುರುವಾದದ್ದು. ಏರಿದಾಗ ನಿದ್ದೆ ಬೇಡ, ಅನ್ನ ಬೇಡ, ಜಗತ್ತಿನ ತಪ್ಪೆಲ್ಲ ಒಂದೇ ಮುಂಜಾನೆಯಲ್ಲಿ ಸರಿಮಾಡಿ ಬಿಡುತ್ತೇನೆ ಅನ್ನಿಸುತ್ತದೆ. ಇಳಿದಾಗ ತಲೆ ಬಾಚಿಕೊಳ್ಳುವುದೂ ಗುಡ್ಡ ಹತ್ತಿದ ಹಾಗೆ. ಧಾರವಾಡದ ಡಾಕ್ಟರೊಬ್ಬರು ಲಿಥಿಯಂ ಗುಳಿಗೆ ಹಚ್ಚಿದ ಮೇಲೆ ವರ್ಷಗಟ್ಟಲೆ ನೆಟ್ಟಗಿದ್ದೆ. ಕೆಲಸಕ್ಕೆ ಅರ್ಜಿ ಹಾಕುವಾಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗುಳಿಗೆಯ ಡಬ್ಬಿ ನನ್ನ ಕೈಚೀಲದ ತಳದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯ ಪಕ್ಕದಲ್ಲಿರುತ್ತಿತ್ತು.

ಮೊದಲ ಮಳೆ ಬಿದ್ದ ವಾರ ಸವಣೂರಿನ ಕೋಣೆಗೆ ಇಲಿಯಾಸ್ ಬಂದ. ಬಂದ ಅನ್ನುವುದಕ್ಕಿಂತ ಅವನ ಹೆಂಡತಿ ಹಸೀನಾ ಎಳೆದುಕೊಂಡು ಬಂದಳು. ಎತ್ತರದ ಆಳು, ನರೆತ ಗಡ್ಡ, ಬೆರಳ ತುದಿಗಳು ಎಲೆ ಕೊಯ್ದು ಕೊಯ್ದು ಕಪ್ಪಾಗಿದ್ದವು. ಅವರದು ತಲೆಮಾರಿನಿಂದ ಬಂದ ವೀಳ್ಯದೆಲೆ ಬಳ್ಳಿಯ ತೋಟ. ಹಿಂದಿನ ಬೇಸಿಗೆಯಲ್ಲಿ ಅವನಿಗೆ ಏರಿದಾಗ, ತೋಟವನ್ನೆಲ್ಲ ಹೊಸ ನಮೂನೆಯಲ್ಲಿ ಕಟ್ಟುತ್ತೇನೆಂದು ಹಬ್ಬಿ ನಿಂತ ಬಳ್ಳಿಗಳಲ್ಲಿ ಅರ್ಧವನ್ನು ಒಂದೊಂದಾಗಿ ಕಿತ್ತು ರಾಶಿ ಹಾಕಿದ್ದನಂತೆ. ಆ ಮೇಲೆ ತಮ್ಮಂದಿರು ತೋಟವನ್ನು ತಮ್ಮ ಕೈಗೆ ತೆಗೆದುಕೊಂಡರು. ಇವನಿಗೆ ಉಳಿದದ್ದು ನೆರಳಿನಲ್ಲಿ ಕೂತು ಎಲೆ ಹೊಂದಿಸಿ ಕಟ್ಟು ಕಟ್ಟುವ ಕೆಲಸ.

"ನಾಲ್ಕು ದಿನ ಗುಳಿಗಿ ತಗೊಂತಾರ್ರಿ ಅಕ್ಕಾರ, ಐದನೇ ದಿನ ಉಗುಳತಾರ," ಎಂದಳು ಹಸೀನಾ.

"ಉಗುಳ್ದ ಮತ್ತೇನ್ ಮಾಡ್ಲಿ?" ಎಂದ ಇಲಿಯಾಸ್. "ಮುಂಜಾನಿಂದ ಸಂಜಿತನಾ ಬಾಯಾಗ ಕಬ್ಬಿಣ ನೆಕ್ಕಿದಂಗ ಆಕ್ಕೈತಿ. ಕೈ ನಡಗತಾವು. ಎಲಿ ಹೊಂದಸಾಕ ಬರವಲ್ದು. ಇದನ್ನ ನುಂಗು ಅಂತ ಹೇಳೋದು ಸಸಾರ ಐತ್ರಿ ಮೇಡಂ. ನೀವು ಒಂದರ ನುಂಗಿ ನೋಡೀರೇನು?"

ಎಷ್ಟೋ ಮಂದಿ ಈ ಮಾತು ಕೇಳಿದ್ದಾರೆ. ಪ್ರತಿ ಸಲವೂ ನಾನು ತರಬೇತಿಯಲ್ಲಿ ಕಲಿಸಿದ ಉತ್ತರ ಕೊಡುತ್ತಿದ್ದೆ. ಅವತ್ತು ಅವನ ಕೈ ನಡುಗುವುದನ್ನು ನೋಡಿದೆ. ನನ್ನ ಕೈಯೂ ಹಾಗೆಯೇ ನಡುಗುತ್ತದೆ, ಚಹಾದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿಯುತ್ತೇನೆ.

"ದಿನಾ ನುಂಗತೇನಿ ಭಾಯ್," ಎಂದೆ. "ನಿಮಗ ಬರಕೊಟ್ಟದ್ದ ಗುಳಿಗಿ. ನನಗೂ ಅದ ಜಡ್ಡು. ನೀರು ಭಾಳ ಕುಡೀರಿ, ಊಟ ಆದಮ್ಯಾಲೆ ತಗೋರಿ, ಕೈ ನಡಗೋದು ಸ್ವಲ್ಪ ಕಡಿಮಿ ಆಕ್ಕೈತಿ."

ಅವನು ನನ್ನನ್ನು ಬಹಳ ಹೊತ್ತು ನೋಡಿದ. ಗುಳಿಗೆ ತೆಗೆದುಕೊಂಡು ಹೋದ. ಅವತ್ತು ನನಗೆ ಬಹಳ ಹಗುರವಾಗಿತ್ತು ಎಂದೇ ನೆನಪು.

ಮುಂದಿನ ವಾರ ಸವಣೂರಿಗೆ ಹೋದಾಗ, ಬಾಗಿಲಲ್ಲಿದ್ದ ಮೂರು ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಎದುರಿನ ಚಹಾದಂಗಡಿಯವನು ಬಟ್ಟಲು ಕೊಡುವಾಗ ನನ್ನ ಬೆರಳು ತಾಗದ ಹಾಗೆ ಕೊಟ್ಟ. ಒಬ್ಬ ಅಜ್ಜ ತನ್ನ ಮೊಮ್ಮಗನನ್ನು ನನ್ನ ಮುಂದೆ ಕೂರಿಸಲು ಒಪ್ಪಲೇ ಇಲ್ಲ.

"ನಮ್ಮ ಹುಡಗನ್ನ ಡಾಕ್ಟ್ರಿಗೆ ತೋರಸ್ತೇವಿ ಸಾಕು," ಎಂದ. "ಈಕಿಗೂ ತಲಿ ಸರಿ ಇಲ್ಲಂತ. ಎಲಿತೋಟದ ಇಲಿಯಾಸ ಬಜಾರದಾಗ ನಿಂತು ಹೇಳ್ಯಾನ."

ಸುನಂದಾ ಗುಳಿಗೆ ಕೊಡುತ್ತಿದ್ದವಳು ತಲೆಯೆತ್ತಿ ನೋಡಿದಳು. ಆ ನೋಟ ಆ ಮಳೆಗಾಲವಿಡೀ ನನ್ನ ಬೆನ್ನಿನ ಮೇಲೆಯೇ ಇತ್ತು.

ಪಾಟೀಲ ಸರ್ ನನ್ನನ್ನು ಶಿಗ್ಗಾಂವದ ಕಚೇರಿಗೆ ಕರೆಸಿದರು. ಅವರ ಮೇಜಿನ ಹಿಂದೆ ನಾವೇ ಹಳ್ಳಿಹಳ್ಳಿಗೆ ಅಂಟಿಸಿದ ಪೋಸ್ಟರ್ ಇತ್ತು: ಮಾನಸಿಕ ಕಾಯಿಲೆಯೂ ಸಕ್ಕರೆ ಕಾಯಿಲೆಯಂತೆಯೇ, ನಾಚಿಕೆ ಬೇಡ, ಚಿಕಿತ್ಸೆ ಪಡೆಯಿರಿ.

"ಇಷ್ಟ ದೊಡ್ಡ ವಿಷಯ ಮುಚ್ಚಿಟ್ಟೀರಲ್ರಿ ಗಿರಿಜಾ," ಎಂದರು.

"ಯಾರೂ ಕೇಳಿಲ್ರಿ ಸರ್."

"ಕೇಳದಿದ್ರ ಹೇಳಬಾರದೇನು? ಸಂಸ್ಥೆ ಹೆಸರು ಕೆಡತೈತಿ. ನಾಳೆ ಯಾವುದರ ಪೇಶಂಟ್‌ಗೆ ಹೆಚ್ಚುಕಡಿಮಿ ಆತು, ಜವಾಬ್ದಾರಿ ಯಾರು? ನೀವು ಕೆಲಸಕ್ಕ ಯೋಗ್ಯ ಇದ್ದೀರಿ ಅಂತ ಡಾಕ್ಟರ್ ಸರ್ಟಿಫಿಕೇಟ್ ತರ್ರಿ. ಅಲ್ಲೀತನಾ ಪೇಶಂಟ್ ಜೋಡಿ ಮಾತಾಡೋದು ಬ್ಯಾಡ. ಬಂದೋರ ಹೆಸರು ಬರಕೊಂತ ಕುಂದರ್ರಿ."

ಅವರು ದಿನಾಲೂ ಊಟಕ್ಕೆ ಮೊದಲು ಸಕ್ಕರೆ ಕಾಯಿಲೆಯ ಗುಳಿಗೆಯನ್ನು ನನ್ನ ಎದುರಿಗೇ ನುಂಗುತ್ತಿದ್ದರು.

"ನಿಮ್ಮ ಸಕ್ಕರಿ ಜಡ್ಡು ಅರ್ಜಿಯೊಳಗ ಬರದಿದ್ದಿರೇನ್ರಿ ಸರ್?" ಎಂದು ಕೇಳಿದೆ.

"ಸಕ್ಕರಿ ಬ್ಯಾರೆ, ಇದು ಬ್ಯಾರೆ."

ನಾನು ಅವರ ತಲೆಯ ಮೇಲಿನ ಪೋಸ್ಟರಿಗೆ ಬೆರಳು ತೋರಿಸಿದೆ. ಅವರು ತಿರುಗಿ ನೋಡಲಿಲ್ಲ. ಅದರಲ್ಲಿ ಏನಿದೆ ಎಂದು ಅವರಿಗೆ ಗೊತ್ತಿತ್ತು, ಬರೆದವರೇ ಅವರು.

ಅಲ್ಲಿಂದ ನನ್ನ ನಗು ನಗುವಾಗಿ ಉಳಿಯಲಿಲ್ಲ. ಜೀಪಿನಲ್ಲಿ ಏನಾದರೂ ಚೇಷ್ಟೆ ಮಾಡಿ ನಕ್ಕರೆ ಸುನಂದಾ, "ಇವತ್ತು ಭಾಳ ಹುರುಪಿನ್ಯಾಗ ಅದೀರಿ, ಗುಳಿಗಿ ಆತಿಲ್ರಿ?" ಎಂದು ಕೇಳುತ್ತಿದ್ದಳು. ಸುಮ್ಮನಿದ್ದರೆ, "ಇಳದಂಗ ಕಾಣತೈತಿ," ಎಂದು ಡಾಕ್ಟರ ಕಿವಿಯಲ್ಲಿ ಹೇಳುತ್ತಿದ್ದಳು. ಹಾನಗಲ್ಲಿನಲ್ಲಿ ಒಬ್ಬ ರೋಗಿಯ ಗಂಡ ಕುಡಿದು ಬಂದು ಹೆಂಡತಿಯ ಜಡೆ ಹಿಡಿದಾಗ ನಾನು ಅಡ್ಡ ನಿಂತು ಗದರಿದೆ. ಯಾರಾದರೂ ಗದರುತ್ತಿದ್ದರು. ಆದರೆ ಡಾಕ್ಟರು ನನ್ನನ್ನು ಹೊರಗೆ ಕರೆದು, "ನಿಮ್ಮ ಸಿಡುಕು ಹೆಚ್ಚಾಗೈತಿ, ರಕ್ತ ಪರೀಕ್ಷೆ ಮಾಡಿಸ್ಕೊರಿ," ಎಂದರು. ಆ ಗಂಡನ ಸಿಡುಕಿಗೆ ಯಾರೂ ಪರೀಕ್ಷೆ ಹೇಳಲಿಲ್ಲ.

ನನ್ನ ಧಾರವಾಡದ ಡಾಕ್ಟರಿಗೆ ಫೋನು ಮಾಡಿದರೆ ಬಂದು ಕಾಣಲು ಹೇಳಿದರು. ನಾನು ಹೋಗಲಿಲ್ಲ. ಯೋಗ್ಯತೆಯ ಚೀಟಿಗಾಗಿ ಹೋಗುವುದು ನನ್ನ ಮಾನಕ್ಕೆ ಕಡಿಮೆ ಅನ್ನಿಸಿತ್ತು.

ಮಳೆ ಹಿಡಿಯಿತು. ಕೋಣೆಯ ಗೋಡೆ ಒದ್ದೆಯಾಗಿ ಸುಣ್ಣ ಉದುರಿತು, ಒಗೆದ ಸೀರೆ ಮೂರು ದಿನವಾದರೂ ಒಣಗದೆ ನಾಯಿಯ ವಾಸನೆ ಹಿಡಿಯಿತು. ನನ್ನ ನಿದ್ದೆ ತೆಳ್ಳಗಾಗುತ್ತ ಹೋಯಿತು. ಸಿಟ್ಟಿಗೆ ನಿದ್ದೆ ಬರುತ್ತಿಲ್ಲ ಅಂದುಕೊಂಡೆ. ಮತ್ತೆ ನಿದ್ದೆ ಇಲ್ಲದಿದ್ದರೂ ದಣಿವಾಗುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಅದಕ್ಕೂ ಸಿಟ್ಟನ್ನೇ ಕಾರಣ ಮಾಡಿದೆ. ಈ ಕಾಯಿಲೆಯ ಕೇಡಿಗತನ ಇರುವುದು ಅಲ್ಲಿಯೇ. ನನಗೆ ಸಿಟ್ಟು ಬರಲು ನ್ಯಾಯವಾದ ಕಾರಣವಿತ್ತು. ಆ ಕಾರಣವನ್ನೇ ಹೊದ್ದುಕೊಂಡು ಕಾಯಿಲೆ ಒಳಗೆ ಬಂತು. ಎಲ್ಲಿಗೆ ನನ್ನ ಸಿಟ್ಟು ಮುಗಿಯಿತು, ಎಲ್ಲಿಂದ ಅದರದು ಶುರುವಾಯಿತು ಎಂದು ಇವತ್ತಿಗೂ ಗೆರೆ ಎಳೆಯಲಾರೆ.

ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಹೋಗದೆ, ಒಂದು ಬೆಳಿಗ್ಗೆ ಶಿಗ್ಗಾಂವದಿಂದ ಹಿರೇಬೆಂಡಿಗೇರಿಗೆ ಮಳೆಯಲ್ಲೇ ನಡೆದುಕೊಂಡು ಹೋದೆ. ಅಲ್ಲಿ ಗುಳಿಗೆ ಬಿಟ್ಟ ಹೆಂಗಸೊಬ್ಬಳಿದ್ದಳು, ಅವಳನ್ನು ನೋಡುವ ನೆವ. ಅವಳ ಮನೆಯ ಕಟ್ಟೆಯ ಮೇಲೆ ನಿಂತು ಓಣಿಯವರನ್ನೆಲ್ಲ ಸೇರಿಸಿ ಭಾಷಣ ಮಾಡಿದೆ. ನಮ್ಮಂಥವರದೇ ಒಂದು ಸಂಘ, ನಾಲ್ಕು ತಾಲೂಕಿಗೂ ನಮ್ಮದೇ ಆಸ್ಪತ್ರೆ, ಪಾಟೀಲರಿಗೆ ಅಲ್ಲಿ ಹೆಸರು ಬರೆಯುವ ಕೆಲಸ. ಜನ ನಕ್ಕರು. ಒಪ್ಪಿ ನಕ್ಕರು ಅಂದುಕೊಂಡೆ. ಆ ಹೆಂಗಸು ಮಾತ್ರ ನಗದೆ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಸವಣೂರಿಗೆ ಹೋಗಿ ನೆಟ್ಟಗೆ ಇಲಿಯಾಸನ ತೋಟಕ್ಕೆ ನುಗ್ಗಿದೆ. ನುಗ್ಗೆ ಮರಗಳಿಗೆ ಹಬ್ಬಿದ ಬಳ್ಳಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಚಪ್ಪರದ ಕೆಳಗೆ ಕೂತು ಎಲೆ ಹೊಂದಿಸುತ್ತಿದ್ದ. ಆಚೆ ತಮ್ಮಂದಿರು ಬಳ್ಳಿ ಕಟ್ಟುತ್ತಿದ್ದರು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನಂಬಿಕೆಗೇಡಿ ಅಂದೆ, ನನ್ನ ಅನ್ನಕ್ಕೆ ಮಣ್ಣು ಹಾಕಿದವನು ಅಂದೆ, ಇನ್ನೂ ಬರೆಯಲಾರದ್ದನ್ನು ಅಂದೆ. ಮಾತುಗಳು ಒಂದರ ಮೇಲೊಂದು ಬಿದ್ದು ಬರುತ್ತಿದ್ದವು, ನನಗೇ ಹಿಡಿಯಲಾಗಲಿಲ್ಲ. ಅವನ ಮುಂದಿದ್ದ ಎಲೆಯ ಬುಟ್ಟಿಯನ್ನು ಎತ್ತಿ ಕೆಸರಿಗೆ ಸುರಿದೆ.

ತಮ್ಮನೊಬ್ಬ ಓಡಿ ಬಂದ. ಇಲಿಯಾಸ್ ಕೈ ಅಡ್ಡ ಹಿಡಿದು ಅವನನ್ನು ನಿಲ್ಲಿಸಿದ. ನನ್ನ ಮುಖವನ್ನೇ ನೋಡುತ್ತಿದ್ದ.

"ಮೇಡಂ, ನಿದ್ದಿ ಬಿಟ್ಟು ಎಷ್ಟು ದಿನಾತು?"

"ನನ್ನ ನಿದ್ದಿ ಕೇಳಾಕ ನೀ ಯಾರು?"

"ನಿಮ್ಮ ಕಣ್ಣು ಹೊಳ್ಯಾಕತ್ತಾವು. ನಾ ಬಳ್ಳಿ ಕಿತ್ತ ದಿನ ಕನ್ನಡ್ಯಾಗ ಇಂಥಾವ ಕಣ್ಣು ನೋಡೇನಿ. ಆವತ್ತು ನನಗ ಯಾರೂ ಹೇಳಲಿಲ್ಲ. ಎಲ್ಲಾರೂ ದೂರ ನಿಂತು ನೋಡಿದ್ರು."

"ನನಗ ಸಿಟ್ಟು ಬಂದೈತಿ, ಅಷ್ಟ!"

"ಸಿಟ್ಟು ಖರೇನ ಐತಿ. ನನ್ನ ಮ್ಯಾಲ ಬರಬೇಕಾದ್ದ. ಆದ್ರ ಅದರ ಬೆನ್ನ ಹಿಂದ ಮತ್ತೊಂದು ಬಂದೈತಿ. ಧಾರವಾಡಕ್ಕ ಹೋಗ್ರಿ. ಇವತ್ತ ಹೋಗ್ರಿ."

ಅವನ ದನಿಯಲ್ಲಿ ಮರುಕವಿರಲಿಲ್ಲ. ಇದ್ದಿದ್ದರೆ ನಾನು ಹೋಗುತ್ತಿರಲಿಲ್ಲ. ಅವನಿಗೆ ಮತ್ತೊಂದಿಷ್ಟು ಬೈದು ಬಸ್ ನಿಲ್ದಾಣಕ್ಕೆ ಬಂದೆ. ಬೆಂಚಿನ ಮೇಲೆ ಕೂತು ಇನ್ನೂ ಅವನಿಗೆ ಉತ್ತರ ಕೊಡುತ್ತಲೇ ಇದ್ದೆ. ಎಷ್ಟೋ ಹೊತ್ತಿನ ಮೇಲೆ ಅಕ್ಕಪಕ್ಕ ನೋಡಿದರೆ, ಅಷ್ಟು ಮಳೆಯಲ್ಲೂ ನನ್ನ ಬೆಂಚಿನ ಸುತ್ತ ಯಾರೂ ಇರಲಿಲ್ಲ. ಜನ ಆಚೆ ಸೂರಿನ ಅಂಚಿನಲ್ಲಿ ಅರ್ಧ ನೆನೆಯುತ್ತ ನಿಂತಿದ್ದರು. ನಾನು ಗಟ್ಟಿಯಾಗಿಯೇ ಮಾತಾಡುತ್ತಿದ್ದೆ.

ಬಾಯಿ ಮುಚ್ಚಿದೆ. ಮುಚ್ಚಿದ ಬಾಯಿಯೊಳಗೆ ನಾಲಿಗೆ ಓಡುತ್ತಲೇ ಇತ್ತು. ಆಗ ನನಗೆ ಹೆದರಿಕೆಯಾಯಿತು.

ಹುಬ್ಬಳ್ಳಿ ಬಸ್ಸು ಹತ್ತಿದೆ. ಅದು ಶಿಗ್ಗಾಂವದ ಮೇಲೆಯೇ ಹೋಗುತ್ತದೆ. ಶಿಗ್ಗಾಂವದಲ್ಲಿ ಬಸ್ಸು ನಿಂತಾಗ ಇಳಿದುಬಿಡು ಎಂದು ಮೈಯೆಲ್ಲ ಹೇಳಿತು. ಕೋಣೆ ಅಲ್ಲಿಯೇ ಇದೆ, ಪಾಟೀಲರ ಕಚೇರಿ ಅಲ್ಲಿಯೇ ಇದೆ, ಇವತ್ತೇ ಎಲ್ಲ ತೀರಿಸಿಬಿಡು. ಮುಂದಿನ ಸೀಟಿನ ಸರಳನ್ನು ಎರಡು ಕೈಯಲ್ಲಿ ಹಿಡಿದೆ. ಕಂಡಕ್ಟರು, "ಶಿಗ್ಗಾಂವದವರು ಇಳೀರಿ," ಎಂದು ಕೂಗಿ, ನನ್ನ ಕಡೆ ನೋಡಿ, "ನೀವ್ ಇಳ್ಯಾವ್ರೇನ್ರಿ ಅಕ್ಕಾರ?" ಎಂದ.

"ಇಲ್ರಿ, ಗಾಡಿ ಬಿಡ್ರಿ. ಲಗೂನ ಬಿಡ್ರಿ," ಎಂದೆ.

ಧಾರವಾಡದಲ್ಲಿ ಸೇರಿಸಿಕೊಂಡರು. ಅಲ್ಲಿನ ದಿನಗಳು ನನಗೆ ಅರ್ಧಂಬರ್ಧ ನೆನಪು. ಏರಿದ್ದು ಇಳಿದ ಮೇಲೆ, ನಿರೀಕ್ಷಿಸಿದಂತೆ, ತೀರ ಕೆಳಗೆ ಬಿದ್ದೆ. ಅಣ್ಣ ಅವ್ವನನ್ನು ಕರೆದುಕೊಂಡು ಬಂದ. ಮಂಚದ ಹತ್ತಿರ ಕೂರದೆ ಕಿಟಕಿಯ ಬಳಿ ನಿಂತು ಮಾತಾಡಿದ.

"ಸಾಕು ಮಾಡು ನೌಕರಿ. ಹುಚ್ಚರ ಜೋಡಿ ಕೂಡಿ ಕೂಡಿ ಹಿಂಗಾತು. ಊರಿಗೆ ಬಂದು ಸುಮ್ನ ಮನ್ಯಾಗ ಇರು. ನನ್ನ ಮಗಳ ಲಗ್ನ ಮುಂದೈತಿ, ಊರೂರಿಗೆ ಸುದ್ದಿ ಆದ್ರ ಹೆಂಗ?"

ಅವ್ವ ನನ್ನ ತಲೆಯ ಸಿಕ್ಕು ಬಿಡಿಸುತ್ತಿದ್ದಳು. ಬಾಚಣಿಗೆ ನಿಲ್ಲಿಸದೆ ಹೇಳಿದಳು:

"ಆಕಿ ಹುಚ್ಚರ ಜೋಡಿ ಕೂಡೂಕಿಂತ ಮೊದಲ ಜಡ್ಡು ಬಂದಿತ್ತಪ್ಪ. ನಿನ್ನ ಮನ್ಯಾಗ ಇದ್ದಾಗ ಬಂದಿತ್ತು. ನೀ ಊರಿಗೆ ಹೋಗು, ಎಮ್ಮಿ ಹಿಂಡಾವ್ರಿಲ್ಲ."

ಅಣ್ಣ ಹೋದ. ಮಗಳ ಲಗ್ನಕ್ಕೆ ನನ್ನನ್ನು ಕರೆದ, ಬರಬೇಡ ಎಂಬಂತೆ ಕರೆದ. ನಾನು ಹೋಗಿ ಮುಂದಿನ ಸಾಲಿನಲ್ಲಿಯೇ ಕೂತೆ. ಅದು ಆಮೇಲಿನ ಮಾತು.

ನಾನು ಶಿಗ್ಗಾಂವಕ್ಕೆ ಮರಳಿದಾಗ ಗೋವಿನಜೋಳದ ಕೊಯ್ಲು ಮುಗಿದು, ರಸ್ತೆಯ ತುಂಬ ಕಾಳು ಮುಗ್ಗುತ್ತಿತ್ತು. ಧಾರವಾಡದ ಡಾಕ್ಟರು ನಾನು ಕೆಲಸ ಮಾಡಬಹುದು ಎಂದು ಬರೆದುಕೊಟ್ಟಿದ್ದರು. ಪಾಟೀಲ ಸರ್ ಅದನ್ನು ಓದಿ ಕೆಳಗಿಟ್ಟರು. ಅವರ ಮುಖದಲ್ಲಿ ನಿರಾಸೆ ಕಂಡಿತು.

"ನೀವ ತಿಳಕೊಂಡು ರಾಜೀನಾಮೆ ಕೊಟ್ರ ಎಲ್ಲಾರಿಗೂ ಚಲೋ," ಎಂದರು. "ನಿಮ್ಮ ಆರೋಗ್ಯಕ್ಕೂ ಚಲೋ."

"ಕೊಡಂಗಿಲ್ರಿ."

"ಹಟ ಮಾಡಬ್ಯಾಡ್ರಿ."

"ತಗೀರಿ ಸರ್ ನೀವ. ತಗದು, ಯಾಕ ತಗದೇವಿ ಅಂತ ಆ ಪೋಸ್ಟರ್ ಕೆಳಗ ದೊಡ್ಡ ಅಕ್ಷರದಾಗ ಬರದು ಅಂಟಸ್ರಿ. ನಾಲ್ಕೂ ತಾಲೂಕಿನ್ಯಾಗ ಅಂಟಸ್ರಿ."

ನನ್ನ ದನಿ ಏರಿತ್ತು. ಆದರೆ ಒಂದು ಮಾತು ಮುಗಿದ ಮೇಲೆಯೇ ಇನ್ನೊಂದು ಬರುತ್ತಿತ್ತು, ಅದನ್ನು ನಾನು ಪರೀಕ್ಷಿಸಿಕೊಳ್ಳುತ್ತಲೇ ಇದ್ದೆ. ಸುನಂದಾ ಬಾಗಿಲಲ್ಲಿ ನಿಂತಿದ್ದಳು. ನಾನು ಏರಿದ್ದೇನೋ ಇಲ್ಲವೋ ಎಂದು ಅವಳಿಗೂ ಗೊತ್ತಾಗಲಿಲ್ಲ.

ಪಾಟೀಲರು ತೆಗೆಯಲಿಲ್ಲ. ಎಲ್ಲಕ್ಕಿಂತ ದೂರದ ಹಿರೇಕೆರೂರಿಗೆ ಮಾತ್ರ ಹಾಕಿದರು. ಮಾತಾಡುವ ಕೆಲಸ ತಿರುಗಿ ಕೊಟ್ಟರು. ಅಷ್ಟು ದೂರದಲ್ಲಿ ನಾನು ಏನು ಮಾಡಿದರೂ ಶಿಗ್ಗಾಂವಕ್ಕೆ ಕೇಳಿಸುವುದಿಲ್ಲ ಎಂಬ ಲೆಕ್ಕವಿರಬೇಕು.

ಸವಣೂರಿನಲ್ಲಿ ನನ್ನ ಸಾಮಾನು ತರಲು ಹೋದ ದಿನ ಇಲಿಯಾಸ್ ಗುಳಿಗೆಗೆ ಬಂದಿದ್ದ. ಒಬ್ಬನೇ ಬಂದಿದ್ದ. ನನ್ನ ಮುಂದಿನ ಕುರ್ಚಿ ಎಳೆದು ಕೂತ.

"ಮಾಫಿ ಕೇಳಾಕ ಬಂದಿಲ್ಲ," ಎಂದ.

"ನಾನೂ ಕೇಳಂಗಿಲ್ಲ. ಎಲಿ ಚೆಲ್ಲಿದ್ದಕ್ಕ."

"ಬಜಾರದಾಗ ಯಾಕ ಹೇಳಿದೆ ಅಂತ ಕೇಳಲಿಲ್ಲ ನೀವು. ಗುಳಿಗಿ ತಿನ್ನಾಂವಗ ತೋಟ ಹೆಂಗ ಕೊಡೋದು ಅಂತ ನನ್ನ ತಮ್ಮಂದಿರು ನಾಲ್ಕು ಮಂದಿ ಮುಂದ ಅಂದ್ರು. ನಾನು ಅಂದೆ, ದವಾಖಾನಿ ಮೇಡಂ ತಾನ ಗುಳಿಗಿ ತಿಂದು ನೌಕರಿ ಮಾಡ್ತಾಳ, ನಾ ಯಾಕ ತೋಟ ಮಾಡಬಾರದು? ನಿಮ್ಮ ಹೆಸರು ಹೇಳಿದ ಮ್ಯಾಲ ಸುಮ್ನಾದ್ರು. ಒಂದು ಸಾಲು ಬಳ್ಳಿ ನನಗ ಬಿಟ್ಟುಕೊಟ್ಟಾರ."

"ನಿಮಗ ಬಳ್ಳಿ ಸಿಕ್ತು. ನನಗ ಏನ್ ಆತು, ನೋಡಿದ್ರಲ್ಲ."

"ನೋಡಿದೆ," ಎಂದ. ಗುಳಿಗೆಯ ಪೊಟ್ಟಣವನ್ನು ಜೇಬಿಗಿಟ್ಟು, "ಮತ್ತೊಮ್ಮೆ ಅಂಥಾ ಪ್ರಸಂಗ ಬಂದ್ರ ಮತ್ತ ಹೇಳತೇನಿ. ಸುಳ್ಳು ಯಾಕ ಹೇಳ್ಲಿ?" ಎಂದ.

ಅವನು ಎದ್ದು ಹೋದ. ನಾನು ಅವನನ್ನು ಕ್ಷಮಿಸಲಿಲ್ಲ ಎಂದು ಮೊದಲೇ ಹೇಳಿದೆ. ಅವನು ಅವತ್ತು ತೋಟದಲ್ಲಿ ಆ ಮಾತು ಹೇಳದಿದ್ದರೆ ನಾನು ಎಲ್ಲಿರುತ್ತಿದ್ದೆನೋ. ಅದೂ ಗೊತ್ತು. ಎರಡೂ ಒಟ್ಟಿಗೇ ಇವೆ, ಒಂದು ಇನ್ನೊಂದನ್ನು ಅಳಿಸಿಲ್ಲ.

ಹಿರೇಕೆರೂರಿನ ಮೊದಲ ದಿನ ಒಬ್ಬ ತಾಯಿ, ಕಾಲೇಜು ಓದುವ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯ ಕೂದಲು ಗಂಟುಗಂಟಾಗಿತ್ತು. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು. ಮೂರು ವಾರದಿಂದ ನಿದ್ದೆ ಮಾಡಿಲ್ಲ, ಈಗ ಒಮ್ಮೆಲೇ ಮಾತೇ ಬಿಟ್ಟಿದ್ದಾಳೆ ಎಂದು ತಾಯಿ ಹೇಳಿದಳು. ನಾನು ಹುಡುಗಿಯನ್ನು ನನ್ನ ಮುಂದೆ ಕೂರಿಸಿದೆ. ಅಷ್ಟರಲ್ಲಿ ತಾಯಿ ನನ್ನನ್ನು ದಿಟ್ಟಿಸಿ ನೋಡಿ ಕೇಳಿದಳು:

"ಸವಣೂರಾಗ ಇದ್ದಾಕಿ ನೀವ ಏನ್ರಿ? ನಿಮಗೂ ಇದ ಜಡ್ಡು ಐತಿ ಅಂತ ನಮ್ಮ ಬೀಗರು ಹೇಳಿದ್ರು. ಖರೇನ?"

ಸುದ್ದಿ ನನಗಿಂತ ಮೊದಲೇ ಹಿರೇಕೆರೂರಿಗೆ ಬಂದು ಕೂತಿತ್ತು. ಇಲ್ಲ ಅನ್ನಬಹುದಿತ್ತು. ಪಾಟೀಲರು ಅದನ್ನೇ ಹೇಳಿ ಕಳಿಸಿದ್ದರು, ಕೇಳಿದರೆ ಇಲ್ಲ ಅನ್ನಿ ಎಂದು.

"ಹೌದ್ರಿ," ಎಂದೆ. "ಐತಿ."

ತಾಯಿ ಥಟ್ಟನೆ ಎದ್ದಳು. ಮಗಳ ರಟ್ಟೆ ಹಿಡಿದಳು. "ಏಳವ್ವ. ಡಾಕ್ಟರ್ ಬರೂತನಾ ಹೊರಗ ಕುಂದರೂಣು."

ಹುಡುಗಿ ಏಳಲಿಲ್ಲ. ತಾಯಿ ಮತ್ತೊಮ್ಮೆ ಎಳೆದಳು. ಹುಡುಗಿ ಇನ್ನೊಂದು ಕೈಯಲ್ಲಿ ನನ್ನ ಮೇಜಿನ ಅಂಚನ್ನು ಹಿಡಿದುಕೊಂಡಳು. ಎಷ್ಟೋ ದಿನದಿಂದ ಬಳಸದ ದನಿ ಒಡೆದು ಬಂತು.

"ಅವ್ವಾ, ನೀ ಹೊರಗ ಕುಂದರು," ಎಂದಳು.